ಅಕ್ಕಿ ಅಂತ ಹುಡುಕಿದರೆ ಹಕ್ಕಿ

“ಏಮಾವತಿ ಮೇಡಂ, ಅಕ್ಕಿ ಪುಸ್ತಕ ಇದೆಯಾ?”

ಕೀಬೋರ್ಡ್ ಮೇಲಿದ್ದ ಹೇಮಾವತಿಯ ಬೆರಳುಗಳು ನಿಂತುಬಿಟ್ಟವು.

ಕೇಳಿದ ಪುಸ್ತಕಕ್ಕಲ್ಲ... ಕರೆದ ಹೆಸರಿಗೆ.

ಮೂರು ವರ್ಷಗಳಿಂದ ಹೊರಗಿನವರು ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಹಾಗೆ ಕರೆಯುತ್ತಿದ್ದವನು ನರೇಂದ್ರ, ಅವಳ ಗಂಡ. ‘ಹ’ ಅನ್ನುವ ಅಕ್ಷರ ಅವನ ನಾಲಿಗೆಗೆ ಯಾವತ್ತೂ ಒಗ್ಗಲಿಲ್ಲ. ಹಾಲು ಅವನಿಗೆ ಆಲು, ಹೂವು ಊವು, ಹೆಂಡತಿ ಏಮಾ. ಜ್ವರ ಅಂತ ಆಸ್ಪತ್ರೆಗೆ ನಡೆದುಕೊಂಡೇ ಹೋದವನು ತಿರುಗಿ ಬರಲಿಲ್ಲ. ಈಗ ಮನೆಯಲ್ಲಿ ಅತ್ತೆ ಮಾತ್ರ ಹಾಗೆ ಕರೆಯುತ್ತಾರೆ. ಗಂಡಸಿನ ದನಿಯಲ್ಲಿ ಆ ಹೆಸರು ಇನ್ನು ಕೇಳುವುದಿಲ್ಲ ಎಂದು ಅವಳು ಎಂದೋ ಒಪ್ಪಿಕೊಂಡಾಗಿತ್ತು.

ತಲೆಯೆತ್ತಿದಳು. ಕೌಂಟರಿನ ಆಚೆ ನಿಂತವನಿಗೆ ಮೂವತ್ತರ ಆಸುಪಾಸು. ಅರ್ಧ ತೋಳಿನ ಬಿಳಿ ಅಂಗಿ, ಕುತ್ತಿಗೆಗೆ ನೇತುಹಾಕಿಕೊಂಡ ಬೈನಾಕ್ಯುಲರ್. ಅವಳ ಐಡಿ ಕಾರ್ಡಿನ ಮೇಲಿದ್ದ ಹೆಸರು ಓದಿ ಕರೆದಿದ್ದ, ಅಷ್ಟೇ. ತಾನು ವೇಣುಗೋಪಾಲ್, ನಗರಗೆರೆಯವನು, ಪ್ರಾಣಿಶಾಸ್ತ್ರಕ್ಕೆ ಈ ವಾರ ಸೇರಿಕೊಂಡ ಅತಿಥಿ ಉಪನ್ಯಾಸಕ ಎಂದು ಹೇಳಿಕೊಂಡ.

ಗೌರಿಬಿದನೂರಿನ ಆ ಕಾಲೇಜಿಗೆ ಲೈಬ್ರರಿಯನ್ ಆಗಿ ಹೇಮಾವತಿ ಬಂದು ಒಂದು ತಿಂಗಳೂ ಆಗಿರಲಿಲ್ಲ. ಆದರೂ ಯಾವ ಕಪಾಟಿನಲ್ಲಿ ಏನಿದೆ ಎಂದು ಗೊತ್ತಿದೆ ಅನ್ನುವ ಧೈರ್ಯ ಅವಳಿಗಿತ್ತು. ಕಂಪ್ಯೂಟರ್ ಮುಟ್ಟದೆ ನೇರವಾಗಿ ಕೃಷಿಯ ಕಪಾಟಿಗೆ ಹೋಗಿ, ಭತ್ತದ ಬೇಸಾಯದ ಮೇಲಿನ ದಪ್ಪ ಪುಸ್ತಕವೊಂದನ್ನು ತಂದು ಅವನ ಮುಂದಿಟ್ಟಳು.

ಅವನು ರಟ್ಟಿನ ಮೇಲಿದ್ದ ಭತ್ತದ ತೆನೆ ನೋಡಿ ಮುಗುಳ್ನಕ್ಕ.

“ಇದು ತಿನ್ನೋ ಅಕ್ಕಿ ಮೇಡಂ. ನನಗೆ ಆರೋ ಅಕ್ಕಿ ಬೇಕಿತ್ತು.”

ಪಕ್ಕದ ಮೇಜಿನಲ್ಲಿ ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸುತ್ತಿದ್ದ ನೂರುನ್ನೀಸಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಹೇಮಾವತಿ ಮುಖ ಬಿಗಿ ಮಾಡಿಕೊಂಡು ಕಂಪ್ಯೂಟರಿಗೆ ಬಂದು ‘ಹಕ್ಕಿ’ ಎಂದು ಹೊಡೆದಳು.

ಯಾವ ದಾಖಲೆಯೂ ಸಿಗಲಿಲ್ಲ.

ಹಕ್ಕಿಗಳ ಮೇಲೆ ಕನ್ನಡ ಪುಸ್ತಕ ಈ ಲೈಬ್ರರಿಯಲ್ಲಿ ಇಲ್ಲ, ಬೇಕಿದ್ದರೆ ತರಿಸಲು ಬರೆದುಕೊಡಿ ಎಂದು ಹೇಳಿದಳು. ಅವನು ವಾದ ಮಾಡಲಿಲ್ಲ. ವಿದ್ಯಾರ್ಥಿಗಳಿಗೆಂದು ಇಟ್ಟಿದ್ದ ಕಂಪ್ಯೂಟರಿನ ಮುಂದೆ ಕೂತು, ತಾನು ಹೇಗೆ ಮಾತಾಡುತ್ತಾನೋ ಹಾಗೆಯೇ ಹೊಡೆದ.

ಅಕ್ಕಿ.

ಪರದೆ ತುಂಬಿ ಹೋಯಿತು. ಕೆರೆಯ ಅಕ್ಕಿಗಳು. ವಲಸೆ ಅಕ್ಕಿಗಳ ದಾರಿ. ಅಕ್ಕಿ ಗೂಡು ಕಟ್ಟುವ ಬಗೆ. ಎಲ್ಲವೂ ಕೃಷಿಯ ಕಪಾಟಿನ ಕೆಳಸಾಲಿನಲ್ಲಿ, ಭತ್ತ ರಾಗಿಗಳ ನಡುವೆ ಇದ್ದವು. ಅವನೇ ಹೋಗಿ ಮಂಡಿಯೂರಿ ಕೂತು ಅವುಗಳನ್ನು ತೆಗೆದುಕೊಂಡು ಬಂದ.

“ನಿಮ್ಮ ಸಿಸ್ಟಮ್ಮು ನಮ್ಮೂರಿದು ಮೇಡಂ. ನಾನ್ ಏಳಿದ್ದು ಅದಕ್ಕೆ ಅರ್ಥ ಆಗ್ತದೆ.”

ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ಹೊರಟುಹೋದ.

ಹೇಮಾವತಿಗೆ ಬಂದದ್ದು ಕೋಪವೋ, ನಾಚಿಕೆಯೋ... ಏನೋ ಒಂದು ಬಂತು. ಅದೇ ದೊಡ್ಡದು. ಬಹಳ ದಿನಗಳಿಂದ ಅವಳಿಗೆ ಏನೂ ಬರುತ್ತಿರಲಿಲ್ಲ.

*

ವಿಷಯ ಏನೆಂದು ನೂರುನ್ನೀಸಾಳೇ ಹೇಳಿದಳು.

ಶಿಡ್ಲಘಟ್ಟದ ರೇಷ್ಮೆ ವ್ಯಾಪಾರದ ಮನೆಯಿಂದ ಮದುವೆಯಾಗಿ ಈ ಊರಿಗೆ ಬಂದವಳು ನೂರುನ್ನೀಸಾ. ಎಲ್ಲರಿಗೂ ನೂರಕ್ಕ. ಲೈಬ್ರರಿಗೆ ಸಾಫ್ಟ್‌ವೇರ್ ಬಂದ ವರ್ಷ, ಬೇಸಿಗೆ ರಜೆಯಲ್ಲಿ ಎಲ್ಲ ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವಳ ಪಾಲಿಗೆ ಬಿದ್ದಿತ್ತು. ಆಗಿನ ಅಟೆಂಡರ್ ಮುನಿವೆಂಕಟಪ್ಪ ಏಣಿ ಹತ್ತಿ ಒಂದೊಂದೇ ಪುಸ್ತಕ ಇಳಿಸಿ, ಹೆಸರು ಕೂಗಿ ಓದುತ್ತಿದ್ದರು. ಈಕೆ ಕೇಳಿಸಿಕೊಂಡದ್ದನ್ನು ಹೊಡೆಯುತ್ತಿದ್ದಳು. ಮುನಿವೆಂಕಟಪ್ಪನವರಿಗೂ ‘ಹ’ ಇರಲಿಲ್ಲ.

“ನಮ್ದು ಮನೇಲಿ ಉರ್ದು ಮೇಡಂ. ಅವ್ರು ದೊಡ್ಡವ್ರು, ಕನ್ನಡದವ್ರು. ಅವ್ರು ಅಕ್ಕಿ ಅಂದ್ರೆ, ಅಲ್ಲ ಹಕ್ಕಿ ಅಂತ ಹೇಳೋಕೆ ನಾನ್ಯಾರು? ಅದೇ ಸರಿ ಇರ್ಬೇಕು ಅಂತ ಹೊಡೆದ್ಬಿಟ್ಟೆ.”

ಅಷ್ಟಕ್ಕೇ ಮುಗಿದಿರಲಿಲ್ಲ. ನಡುನಡುವೆ ಪ್ರಿನ್ಸಿಪಾಲರು ಬಂದು ನಿಂತಾಗ ಮುನಿವೆಂಕಟಪ್ಪನವರು ಹುಷಾರಾಗಿ ಓದುತ್ತಿದ್ದರಂತೆ. ಆ ಹುಷಾರಿನಲ್ಲಿ ಬೇಡದ ಕಡೆಯೂ ‘ಹ’ ಬಂದು ಕೂತಿತ್ತು. ಆನೆ ಹಾನೆಯಾಗಿತ್ತು. ಅಡುಗೆ ಹಡುಗೆಯಾಗಿತ್ತು. ಹಾಸನ ಜಿಲ್ಲೆಯ ಇತಿಹಾಸವಂತೂ ‘ಆಸನ’ ಎಂದಾಗಿ ಯೋಗದ ಪುಸ್ತಕಗಳ ಪಕ್ಕದಲ್ಲಿ ಧೂಳು ತಿನ್ನುತ್ತಿತ್ತು. ಕೇಳಿ ಬಂದ ಮಕ್ಕಳಿಗೆಲ್ಲ ಇಷ್ಟು ವರ್ಷ ‘ಆ ಪುಸ್ತಕ ಇಲ್ಲ’ ಎಂಬ ಉತ್ತರವೇ ಸಿಕ್ಕಿತ್ತು. ಪುಸ್ತಕ ಎಲ್ಲಿಗೂ ಹೋಗಿರಲಿಲ್ಲ. ಅದರ ಹೆಸರು ಮಾತ್ರ ಬೇರೆಯಾಗಿತ್ತು.

ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಬಂದವಳು ಹೇಮಾವತಿ. ಇಂಥ ತಪ್ಪು ಯಾವ ಪಾಠದಲ್ಲೂ ಬಂದಿರಲಿಲ್ಲ. ಆದರೆ ಸರಿಪಡಿಸುವುದು ಹೇಗೆ ಎಂಬ ಬಗ್ಗೆ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಎಲ್ಲವನ್ನೂ ಸರಿ ಮಾಡುತ್ತೇನೆ ಎಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟಳು.

ಒಂದೇ ತೊಂದರೆ. ಒಂದು ಪುಸ್ತಕ ಸಿಗಬೇಕಾದರೆ ಅದರ ಹೆಸರು ಎಷ್ಟು ರೀತಿ ಕೆಟ್ಟಿರಬಹುದು ಎಂದು ಊಹಿಸಬೇಕಿತ್ತು. ಅದು ಅವಳಿಗೆ ಬರುತ್ತಿರಲಿಲ್ಲ.

ಅದು ಬರುತ್ತಿದ್ದದ್ದು ವೇಣುಗೋಪಾಲನಿಗೆ.

*

ಅವನು ಮೊದಮೊದಲು ತನ್ನ ಪುಸ್ತಕಗಳಿಗೆಂದು ಬರುತ್ತಿದ್ದ. ಬರುಬರುತ್ತಾ ಅವಳ ಕೆಲಸಕ್ಕೆಂದು ಬರತೊಡಗಿದ.

ಪಾಠ ಮುಗಿದ ಮೇಲೆ, ಲೈಬ್ರರಿ ಖಾಲಿಯಾಗುವ ಹೊತ್ತಿಗೆ ಕೌಂಟರಿನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಅವಳು ಒಂದು ಪದ ಹೇಳಿದರೆ ಅದು ಮುನಿವೆಂಕಟಪ್ಪನವರ ಬಾಯಲ್ಲಿ ಹೇಗೆ ಬಂದಿರಬಹುದು ಎಂದು ಅವನು ಹೇಳಬೇಕು. ಅವಳು ‘ಹಳ್ಳಿ’ ಅಂದರೆ ಅವನು ‘ಅಳ್ಳಿ’. ಅವಳು ‘ಹೋರಾಟ’ ಅಂದರೆ ಅವನು ‘ಓರಾಟ’. ಹೊಡೆದ ಕೂಡಲೇ ಕಳೆದುಹೋದ ಪುಸ್ತಕಗಳು ಪರದೆಯ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. ನೂರಕ್ಕ ಕಪಾಟಿನ ಸಂದಿಯಿಂದ ಸಿಕ್ಕಿತು ಎಂದು ಕೂಗುತ್ತಿದ್ದಳು.

ಆ ಕೂಗಿಗಾಗಿ ಹೇಮಾವತಿ ಸಂಜೆಯವರೆಗೆ ಕಾಯುವಂತಾಯಿತು.

ಒಂದು ದಿನ ಅವನು ತನ್ನ ಕಥೆ ಹೇಳಿದ. ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದುಕೊಂಡು ಓದುವಾಗ ಕನ್ನಡದ ಮೇಷ್ಟರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ‘ಹಾಲು’ ಎಂದು ಹೇಳಿಸುತ್ತಿದ್ದರಂತೆ. ಸರಿಯಾಗಿ ಬರುವವರೆಗೆ ಇಳಿಯುವಂತಿಲ್ಲ. ತರಗತಿಗೆ ತರಗತಿಯೇ ನಗುತ್ತಿತ್ತು. ಅಂದಿನಿಂದ ಹೊರಗಿನವರ ಮುಂದೆ ಇಂಗ್ಲಿಷೇ ಆಡಲು ಕಲಿತ. ಇಂಗ್ಲಿಷಿನ ‘ಹ’ ಅವನಿಗೆ ಸಲೀಸು, ಅದನ್ನು ಕಲಿತದ್ದು ಪುಸ್ತಕದಿಂದ. ಕನ್ನಡ ಅಮ್ಮನಿಂದ ಬಂದದ್ದು.

“ಇಲ್ಲಿ ಮಾತ್ರ ಎಂಗ್ ಬೇಕೋ ಅಂಗೆ ಮಾತಾಡ್ತೀನಿ ಮೇಡಂ. ಈ ಸಿಸ್ಟಮ್ಮಿನ ಮುಂದೆ ಯಾವ ನಾಚಿಕೆ?”

ಆ ಮಾತನ್ನು ಅವಳು ಮನೆಯವರೆಗೂ ಹೊತ್ತುಕೊಂಡು ಹೋದಳು.

ಮತ್ತೊಂದು ದಿನ ಅವನೊಂದು ಪ್ರಶ್ನೆ ಕೇಳಿದ. ಎಲ್ಲವನ್ನೂ ಸರಿ ಮಾಡಿದ ಮೇಲೆ, ಅಕ್ಕಿ ಅಂತಲೇ ಹುಡುಕುವವರು ಏನು ಮಾಡಬೇಕು?

ಸರಿಯಾಗಿ ಹುಡುಕುವುದನ್ನು ಕಲಿಯಬೇಕು, ಅಷ್ಟೇ ಎಂದಳು ಹೇಮಾವತಿ ಪರದೆಯಿಂದ ಕಣ್ಣು ತೆಗೆಯದೆ.

ಅವನು ತನ್ನ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿಟ್ಟ. ಅದು ಆಗ ಅವಳ ಗಮನಕ್ಕೆ ಬರಲಿಲ್ಲ.

ಕೃಷಿಯ ಕಪಾಟಿನಲ್ಲೇ ಅವರಿಗೊಂದು ತೆಳ್ಳನೆಯ ಕವಿತೆಗಳ ಪುಸ್ತಕ ಸಿಕ್ಕಿತು. ದಾಖಲೆಯಲ್ಲಿ ಅದರ ಹೆಸರು ‘ಹೊಲವು’. ಪ್ರಿನ್ಸಿಪಾಲರು ಬಂದು ನಿಂತಿದ್ದ ದಿನದ್ದಿರಬೇಕು. ಯಾರೋ ಅದನ್ನು ಹೊಲ ಗದ್ದೆಗಳ ಜೊತೆ ಸೇರಿಸಿಬಿಟ್ಟಿದ್ದರು. ಹೇಮಾವತಿ ‘ಒಲವು’ ಎಂದು ತಿದ್ದಿದಳು.

ಒಲವು ಅಂದರೂ ಪ್ರೀತಿ ಅಂದರೂ ಒಂದೇ ಅಲ್ಲವೇ ಎಂದು ಅವನು ಕೇಳಿದ.

ಅವಳು ಆ ಪುಸ್ತಕದ ಪುಟ ತಿರುವಿದಳು. “ಪ್ರೀತಿ ಯಾರ ಮೇಲೆ ಬೇಕಾದ್ರೂ ಬರುತ್ತೆ. ಒಲವು ನಿಧಾನ. ಒಲೀಬೇಕು ಅಂತಾರಲ್ಲ... ಅದರಿಂದ ಬಂದಿದ್ದು.”

ಅವನು ಆ ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡು ಹೋದ. ಪ್ರಾಣಿಶಾಸ್ತ್ರದವನಿಗೆ ಕವಿತೆ ಯಾಕೆ ಎಂದು ನೂರಕ್ಕ ಕೇಳಿದಾಗ, ಹೇಮಾವತಿ ಬಾರ್‌ಕೋಡ್ ಸರಿಯಾಗಿ ಅಂಟಿಸಲು ಹೇಳಿದಳು.

*

ಆದರೆ ಅವಳ ಮನಸ್ಸು ಅಷ್ಟು ಸುಲಭವಾಗಿ ಬಿಟ್ಟುಕೊಡುವಂಥದ್ದಾಗಿರಲಿಲ್ಲ.

ಅವನು ‘ಏಮಾವತಿ ಮೇಡಂ’ ಎಂದಾಗಲೆಲ್ಲ ಒಳಗೆ ಏನೋ ಅಲುಗುತ್ತಿತ್ತು. ಅಲುಗಿದ ಕೂಡಲೇ ಅವಳಿಗೆ ಭಯವಾಗುತ್ತಿತ್ತು. ನಾನು ಕೇಳಿಸಿಕೊಳ್ಳುತ್ತಿರುವುದು ಇವನನ್ನೋ... ಇವನ ಬಾಯಲ್ಲಿ ನರೇಂದ್ರನನ್ನೋ?

ಇದಕ್ಕೆ ಉತ್ತರ ಸಿಗದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ತೀರ್ಮಾನಿಸಿದಳು. ಇನ್ನೊಬ್ಬರ ಜಾಗದಲ್ಲಿ ಒಬ್ಬರನ್ನು ಕೂರಿಸುವುದು ತಪ್ಪು. ಪುಸ್ತಕಕ್ಕೂ ಸರಿ, ಮನುಷ್ಯನಿಗೂ ಸರಿ.

ಅವಳು ಕಾಯುತ್ತಿರುವಾಗಲೇ ಅವನು ಹೆಜ್ಜೆ ಇಟ್ಟುಬಿಟ್ಟ.

ಅಂದು ಕೊನೆಯ ದಾಖಲೆಯನ್ನೂ ಸರಿಪಡಿಸಿ ಮುಗಿಸಿದ ಸಂಜೆ. ನೂರಕ್ಕ ಮಗಳ ಟ್ಯೂಷನ್ ಎಂದು ಬೇಗ ಹೊರಟಿದ್ದಳು. ಕಿಟಕಿಯಾಚೆ ಹಿಂದೂಪುರದ ಕಡೆಗೆ ಹೋಗುವ ರೈಲು ಕೂಗಿಕೊಂಡು ಹೋಯಿತು. ವೇಣುಗೋಪಾಲ್ ಎದ್ದು ನಿಂತ. ಕುರ್ಚಿಯನ್ನು ಸರಿಯಾಗಿ ಒಳಗೆ ತಳ್ಳಿದ. ಅವನ ಹಣೆಯಲ್ಲಿ ಬೆವರಿತ್ತು.

“ಹೇಮಾವತಿ ಅವರೇ...”

ಅವಳು ಬೆಚ್ಚಿದಳು. ‘ಹ’ ಬಂದಿತ್ತು. ಸ್ಪಷ್ಟವಾಗಿ, ಎದೆಯಿಂದ ಎತ್ತಿ ತಂದಂತೆ. ಎಷ್ಟು ದಿನ ಕನ್ನಡಿಯ ಮುಂದೆ ನಿಂತು ಕಲಿತಿದ್ದನೋ...

“ತುಂಬಾ ದಿನದಿಂದ ಹೇಳ್ಬೇಕು ಅಂತಿದ್ದೆ. ನನಗೆ ನಿಮ್ಮ ಮೇಲೆ...” ಉಸಿರು ಎಳೆದುಕೊಂಡ. “ಹೊಲವಾಗಿದೆ.”

ಹೇಮಾವತಿ ನಕ್ಕುಬಿಟ್ಟಳು.

ತುಟಿಯ ನಗುವಲ್ಲ. ಹೊಟ್ಟೆಯಿಂದ ಬಂದ ನಗು. ಮೂರು ವರ್ಷ ಎಲ್ಲಿ ಅಡಗಿತ್ತೋ, ಬಾಗಿಲು ಒದ್ದುಕೊಂಡು ಬಂದಂತೆ ಬಂತು. ಅವಳು ಕೌಂಟರ್ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು. ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. ಅಯ್ಯೋ, ನಾನು ನಗುತ್ತಿದ್ದೇನೆ... ನನಗೆ ನಗು ಬರುತ್ತಿದೆ...

ಕಣ್ಣೊರೆಸಿಕೊಂಡು ನೋಡಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಮೂವತ್ತರ ಗಂಡಸಲ್ಲ ಅಲ್ಲಿ ನಿಂತಿದ್ದದ್ದು. ಬೆಂಚಿನ ಮೇಲೆ ನಿಂತ ಹುಡುಗ.

“ಸಾರಿ ಮೇಡಂ. ಮೈ ಮಿಸ್ಟೇಕ್.”

ಅವಳು ಹೆಸರು ಹಿಡಿದು ಕರೆಯುವಷ್ಟರಲ್ಲಿ ಅವನು ಮೆಟ್ಟಿಲು ಇಳಿದಾಗಿತ್ತು.

*

ಆಮೇಲೆ ಅವನು ಅವಳೊಂದಿಗೆ ಇಂಗ್ಲಿಷಿನಲ್ಲಿ ಮಾತಾಡತೊಡಗಿದ.

ಕಾರಿಡಾರಿನಲ್ಲಿ ಎದುರಾದರೆ ‘ಗುಡ್ ಮಾರ್ನಿಂಗ್ ಮೇಡಂ’. ಸ್ಟಾಫ್ ರೂಮಿನಲ್ಲಿ ಸಿಕ್ಕರೆ ‘ಎಕ್ಸ್‌ಕ್ಯೂಸ್ ಮಿ’. ಬೈಗುಳವಾದರೂ ಕನ್ನಡದಲ್ಲಿ ಬಂದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಒಮ್ಮೆ ಮಾತಾಡಬೇಕು ಎಂದು ಮೆಸೇಜು ಕಳಿಸಿದರೆ, ಎಲ್ಲ ಪುಸ್ತಕಗಳನ್ನೂ ಹಿಂದಿರುಗಿಸುತ್ತೇನೆ ಎಂಬ ಇಂಗ್ಲಿಷ್ ಸಾಲೊಂದು ಬಂತು. ಅವಳು ಊಟಕ್ಕೆ ಹೋದ ಹೊತ್ತು ನೋಡಿ ಪುಸ್ತಕಗಳನ್ನು ನೂರಕ್ಕನ ಕೈಯಲ್ಲಿ ಕೊಟ್ಟು ಹೋದ. ಆ ಕವಿತೆಗಳ ಪುಸ್ತಕವೂ ಅದರಲ್ಲಿತ್ತು.

“ಹೋಗೋ ಮುಂಚೆ ಆ ಕಂಪ್ಯೂಟರ್ ಮುಂದೆ ಕೂತ್ರು ಮೇಡಂ,” ಎಂದಳು ನೂರಕ್ಕ. ಅವಳ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. “ಕೈ ರೂಢಿ ನೋಡಿ, ಅಕ್ಕಿ ಅಂತ ಹೊಡೆದ್ರು. ಭತ್ತ ಬಂತು. ಅದನ್ನೇ ನೋಡ್ತಾ ಕೂತಿದ್ರು. ಆಮೇಲೆ, ಸಿಸ್ಟಮ್ಮೂ ಸರಿ ಓಯ್ತು ಬಿಡಕ್ಕ ಅಂತ ಹೇಳಿ ಎದ್ದು ಹೋದ್ರು.”

ಹೇಮಾವತಿ ಆ ಕುರ್ಚಿಯಲ್ಲಿ ಕೂತಳು. ಅವನ ಮಾತು ಅರ್ಥವಾಗುತ್ತಿದ್ದ ಒಂದೇ ಜಾಗವನ್ನು ತಾನೇ ತನ್ನ ಕೈಯಾರೆ ಮುಚ್ಚಿಬಿಟ್ಟಿದ್ದಳು. ಸರಿಯಾಗಿ ಹುಡುಕುವುದನ್ನು ಕಲಿಯಬೇಕು... ಎಷ್ಟು ಧೈರ್ಯದಿಂದ ಹೇಳಿದ್ದಳು!

ಆ ವಾರವೇ ಇನ್ನೊಂದು ಸುದ್ದಿಯೂ ಬಂತು. ಸೆಮಿಸ್ಟರ್ ಮುಗಿದ ಮೇಲೆ ವೇಣುಗೋಪಾಲ್ ಸರ್ ಇಲ್ಲಿರುವುದಿಲ್ಲ. ಚಿಂತಾಮಣಿಯ ಕಾಲೇಜೊಂದರಲ್ಲಿ ಕೆಲಸ ಒಪ್ಪಿಕೊಂಡಿದ್ದಾರೆ.

*

ಅವರೆಕಾಯಿಯ ಕಾಲ. ಅತ್ತೆ ಚಿಕ್ಕವೆಂಕಟಮ್ಮ ನಡುಮನೆಯಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಬೇಳೆ ಹಿತುಕುತ್ತಿದ್ದರು. ಹೇಮಾವತಿ ಎದುರಿಗೆ ಕೂತು ತಾನೂ ಕೈ ಹಾಕಿದಳು. ಸಿಪ್ಪೆ ಪಾತ್ರೆಗೆ, ಬೇಳೆ ನೆಲಕ್ಕೆ ಬೀಳತೊಡಗಿತು.

“ಏಮೈಂದೇ, ಏನಾಯ್ತು?” ಕಾಳಜಿ ಹೆಚ್ಚಾದಾಗ ಅತ್ತೆಯ ಮಾತು ತೆಲುಗಿಗೆ ಜಾರುತ್ತಿತ್ತು. “ಆವತ್ತೊಂದ್ ದಿನ ಸಂಜೆ ಬಂದಾಗ ಕಣ್ಣೆಲ್ಲ ಅತ್ತಂಗಿತ್ತು, ಮುಖ ಮಾತ್ರ ನಕ್ಕಂಗಿತ್ತು. ಕೇಳ್ಲಿಲ್ಲ ನಾನು. ಈಗ ಕೇಳ್ತಿದೀನಿ. ಯಾರಮ್ಮ ಅದು?”

ಮುಚ್ಚಿಡಬೇಕೆಂದು ಹೇಮಾವತಿಗೆ ಅನಿಸಲಿಲ್ಲ. ಮಗನನ್ನು ಕಳೆದುಕೊಂಡ ಈಕೆ, ಗಂಡನನ್ನು ಕಳೆದುಕೊಂಡ ತನ್ನನ್ನು ಒಂದು ದಿನವೂ ಹೊರಗಿನವಳಂತೆ ಕಂಡಿರಲಿಲ್ಲ. ಅಕ್ಕಿಯಿಂದ ಹಿಡಿದು ಹೊಲವಿನವರೆಗೆ ಎಲ್ಲವನ್ನೂ ಹೇಳಿದಳು. ಹೊಲವು ಅನ್ನುವಾಗ ಚಿಕ್ಕವೆಂಕಟಮ್ಮ ನಗಲಿಲ್ಲ. ಅವರಿಗೆ ತಪ್ಪೇನು ಎಂದೇ ತಿಳಿದಿರಲಿಲ್ಲ.

ಕೊನೆಗೆ ಹೇಮಾವತಿ ತನ್ನನ್ನು ಕಾಡುತ್ತಿದ್ದ ಮಾತನ್ನೂ ಆಡಿಬಿಟ್ಟಳು. “ನಂಗೆ ಹೆದರಿಕೆ ಆಗುತ್ತೆ ಅತ್ತೆ. ಅವರು ಕರೆದಾಗ ನಮ್ಮ ಮನೆಯವರ ದನೀನೇ ಕೇಳುತ್ತೆ. ನಾನು ಅವರನ್ನ ಇಷ್ಟಪಡ್ತಿದೀನಾ, ಇವರನ್ನೇ ಹುಡುಕ್ತಿದೀನಾ... ಗೊತ್ತಾಗಲ್ಲ.”

ಅತ್ತೆಯ ಕೈ ನಿಂತಿತು. ಗೋಡೆಯ ಮೇಲಿನ ಮಗನ ಫೋಟೋವನ್ನು ಒಮ್ಮೆ ನೋಡಿದರು.

“ನನ್ ಮಗ ನಿನ್ನ ಏಮಾ ಅಂತಿದ್ದ. ಸಾಯೋತನಕ ಅಂಗೇ ಅಂದ. ಒಂದ್ ದಿನಾನೂ ನಿನ್ ಎಸ್ರು ಸರಿಯಾಗಿ ಏಳ್ಬೇಕು ಅಂತ ಕಷ್ಟಪಡ್ಲಿಲ್ಲ. ಅವನಿಗೆ ಬೇಕಿರ್ಲಿಲ್ಲ, ನಿನಗೂ ಬೇಕಿರ್ಲಿಲ್ಲ. ಈವಯ್ಯ ಕಷ್ಟಪಟ್ಟವ್ನೆ. ಬೆವರು ಸುರಿಸ್ಕೊಂಡು ಏಳವ್ನೆ. ಅದ್ರಾಗೇ ಗೊತ್ತಾಗಲ್ವೇನಮ್ಮ, ಬೇರೆ ಮನ್ಷ ಅಂತ?”

ಹೇಮಾವತಿಯ ಕೈಯಲ್ಲಿದ್ದ ಅವರೆಬೇಳೆ ಅಲ್ಲೇ ಉಳಿಯಿತು.

ಹೌದಲ್ಲ... ಆ ಸಂಜೆ ಅವಳು ನಕ್ಕದ್ದು ಬಿಟ್ಟುಹೋದ ‘ಹ’ಕ್ಕೆ ಅಲ್ಲ. ಅವಳಿಗಾಗಿ ತಂದ ‘ಹ’ಕ್ಕೆ. ಅಷ್ಟು ಜೋಪಾನವಾಗಿ ಹೊತ್ತು ತಂದು, ಹೆದರಿಕೆಯಲ್ಲಿ ಒಂದು ಕಡೆ ಹೆಚ್ಚಿಗೆ ಇಟ್ಟುಬಿಟ್ಟ ಅಕ್ಷರಕ್ಕೆ. ಹಾಗೆ ಮಾಡಿದವನು ನರೇಂದ್ರನಲ್ಲ. ವೇಣುಗೋಪಾಲ್.

“ನನ್ ಮಗನ ಮಾತಿಗೆ ನೀನು ನಕ್ರೆ ಅವನು ಇನ್ನಷ್ಟು ಅಂತಿದ್ದ, ನಿನ್ನ ನಗ್ಸೋಕೆ. ಇವನಿಗೆ ನಿನ್ನ ನಗು ಗೊತ್ತಿಲ್ಲ. ಓಗಿ ಏಳು.” ಅತ್ತೆ ಮತ್ತೆ ಕಾಳಿಗೆ ಕೈ ಹಾಕಿದರು. “ಅಂಗೇ ಭಾನುವಾರ ಊಟಕ್ಕೆ ಬರಕ್ಕೆ ಏಳು. ನಾನೂ ನೋಡ್ತೀನಿ ಅದೆಂಥ ಹೊಲವೋ.”

ಆ ಮೂರು ವರ್ಷಗಳಲ್ಲಿ ಹೇಮಾವತಿ ಎರಡನೆಯ ಸಲ ನಕ್ಕಳು. ಈ ಸಲ ಅಳು ಬರಲಿಲ್ಲ.

*

ಮರುದಿನ ಬೆಳಿಗ್ಗೆ ಲೈಬ್ರರಿಗೆ ಬಂದವಳೇ ತಾನು ಸರಿಪಡಿಸಿದ ದಾಖಲೆಗಳನ್ನೆಲ್ಲ ಮತ್ತೆ ತೆರೆದಳು.

ನೂರಕ್ಕ ಗಾಬರಿಯಾದಳು. ಮತ್ತೆ ಕೆಡಿಸುತ್ತೀರಾ ಎಂದು ಕೇಳಿದಳು. ಇಲ್ಲ, ದಾರಿ ಮಾಡುತ್ತಿದ್ದೇನೆ ಎಂದಳು ಹೇಮಾವತಿ.

ಗ್ರಂಥಾಲಯದ ಓದಿನಲ್ಲಿ ಮೊದಲ ವರ್ಷವೇ ಕಲಿಸುವ ಪಾಠ ಅದು. ಜನ ಒಂದು ವಿಷಯವನ್ನು ಬೇರೆ ಬೇರೆ ಹೆಸರಿನಿಂದ ಹುಡುಕುತ್ತಾರೆ. ಯಾರು ಯಾವ ಹೆಸರಿನಿಂದ ಬಂದರೂ ಅವರನ್ನು ಕೈಹಿಡಿದು ಪುಸ್ತಕದ ಹತ್ತಿರ ತಲುಪಿಸಬೇಕು. ಅದಕ್ಕೆಂದೇ ಒಂದು ಪುಟ್ಟ ಪದವಿದೆ: ‘ನೋಡಿ’. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದಳು. ಯಾರಿಗಾಗಿ ಅನ್ನುವುದು ಈಗ ತಿಳಿಯಿತು.

ಅಕ್ಕಿ: ಹಕ್ಕಿ ಎಂಬುದನ್ನೂ ನೋಡಿ.

ಅಳ್ಳಿ: ಹಳ್ಳಿ ನೋಡಿ.

ಹಾನೆ: ಆನೆ ನೋಡಿ.

ಸೆಮಿಸ್ಟರಿನ ಕೊನೆಯ ದಿನದವರೆಗೂ ಕೂತು ಎಲ್ಲ ಪದಗಳಿಗೂ ದಾರಿ ಜೋಡಿಸಿದಳು. ಒಂದನ್ನು ಮಾತ್ರ ಕೊನೆಗೆ ಇಟ್ಟುಕೊಂಡಳು.

ವೇಣುಗೋಪಾಲ್ ಬಂದೇ ಬರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಕಾಲೇಜು ಬಿಡುವವರು ಯಾರೇ ಆಗಲಿ, ಲೈಬ್ರರಿಯಿಂದ ಏನೂ ಬಾಕಿ ಇಲ್ಲ ಎಂಬ ನೋ ಡ್ಯೂ ಸಹಿ ಪಡೆಯದೆ ಹೋಗುವಂತಿಲ್ಲ.

ಕೊನೆಯ ದಿನ ಮಧ್ಯಾಹ್ನ ಬಂದ. ಕಾಗದವನ್ನು ಕೌಂಟರಿನ ಮೇಲಿಟ್ಟು, ಅವಳ ಮುಖ ನೋಡದೆ, ಪ್ಲೀಸ್ ಸೈನ್ ಮೇಡಂ ಎಂದ.

ಹೇಮಾವತಿ ಪೆನ್ನು ತೆಗೆದಳು. ಸಹಿ ಹಾಕಲಿಲ್ಲ.

“ಒಂದು ಬಾಕಿ ಇದೆ.”

ಎಲ್ಲವನ್ನೂ ಕೊಟ್ಟಿದ್ದೇನೆ, ಬೇಕಾದರೆ ಚೆಕ್ ಮಾಡಿ ಎಂದು ಅವನು ಇಂಗ್ಲಿಷಿನಲ್ಲೇ ಹೇಳಿದ. ಅವಳು ವಿದ್ಯಾರ್ಥಿಗಳ ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

“ನೀವೇ ಹುಡುಕಿ ನೋಡಿ. ಆವತ್ತು ಸಂಜೆ ಒಂದು ಪದ ಹೇಳಿದ್ರಲ್ಲ, ಅದನ್ನ ಹೊಡೀರಿ. ತಿದ್ದಬೇಡಿ. ಹೇಗೆ ಹೇಳಿದ್ರೋ ಹಾಗೇ.”

ಅವನ ಮುಖ ಕೆಂಪಾಯಿತು. ಇನ್ನೊಮ್ಮೆ ನಗಲಿಕ್ಕೆ ಕರೆಯುತ್ತಿದ್ದಾಳೆಯೇ ಎಂಬಂತೆ ಅವಳನ್ನು ನೋಡಿದ. ಅವಳ ಮುಖದಲ್ಲಿ ನಗುವಿರಲಿಲ್ಲ. ನೂರಕ್ಕ ಬಾರ್‌ಕೋಡಿನ ಸುರುಳಿಯನ್ನು ಎತ್ತಿಕೊಂಡು, ಬೇಡದ ಕೆಲಸವೊಂದನ್ನು ನೆನಪಿಸಿಕೊಂಡು, ಕಪಾಟುಗಳ ಹಿಂದೆ ಮರೆಯಾದಳು.

ಅವನು ಕೂತ. ಕೊನೆಗೆ ಹೊಡೆದ.

ಹೊಲವು.

ಪರದೆಯ ಮೇಲೆ ಒಂದೇ ಸಾಲು ಮೂಡಿತು.

ಹೊಲವು: ಒಲವು ನೋಡಿ.

ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಮೆಲ್ಲಗೆ ‘ಅಕ್ಕಿ’ ಎಂದು ಹೊಡೆದ. ಭತ್ತ ಬಂತು. ಅದರ ಕೆಳಗೆ ಒಂದೊಂದಾಗಿ ಅವನ ಕೊಕ್ಕರೆಗಳು, ಅವನ ವಲಸೆ ಹಕ್ಕಿಗಳು, ಅವನ ಗೂಡುಗಳೆಲ್ಲ ಮರಳಿ ಬಂದವು.

ಹೇಮಾವತಿ ಅವನ ಕುರ್ಚಿಯ ಪಕ್ಕ ಬಂದು ನಿಂತಳು.

“ನನ್ನ ಗಂಡ ಹೋದ ಮೇಲೆ ನಾನು ನಕ್ಕಿರಲಿಲ್ಲ. ನಗು ಬರ್ತಿರಲಿಲ್ಲ, ಅಳೂನೂ ಬರ್ತಿರಲಿಲ್ಲ. ಆವತ್ತು ಎರಡೂ ಒಟ್ಟಿಗೆ ಬಂತು. ನಿಮ್ಮನ್ನ ನೋಡಿ ನಕ್ಕಿದ್ದಲ್ಲ ವೇಣು... ನನಗೋಸ್ಕರ ನೀವು ಆ ಒಂದು ಅಕ್ಷರ ಹೊತ್ಕೊಂಡು ಬಂದ್ರಲ್ಲ, ಅದಕ್ಕೆ. ಸಂತೋಷ ಹೇಗೆ ಪಡ್ಬೇಕು ಅಂತ ಮರೆತುಹೋಗಿತ್ತು. ಅದು ಹಾಗೆ ಹೊರಗೆ ಬಂದ್ಬಿಡ್ತು.”

ಅವನು ತಲೆ ತಗ್ಗಿಸಿಕೊಂಡೇ ಇದ್ದ. ಕೊನೆಗೆ ಮಾತು ಬಂದಾಗ ಅದು ಕನ್ನಡದಲ್ಲಿತ್ತು.

“ನಾನು ಬೆಂಚಿಂದ ಇಳಿದೇ ಇರ್ಲಿಲ್ಲ ಅನ್ಸತ್ತೆ.”

“ಈಗ ಇಳೀರಿ.”

“ಉತ್ತರ ಏಳ್ಲಿಲ್ಲ ನೀವು.”

“ಎದುರಿಗೇ ಇದೆ. ನೋಡಿ ಅಂತಾನೇ ಬರೆದಿದ್ದೀನಲ್ಲ.”

ಅವನು ಪರದೆಯನ್ನಲ್ಲ, ಅವಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

ಹೇಮಾವತಿ ಕೌಂಟರಿಗೆ ಹೋಗಿ ನೋ ಡ್ಯೂ ಕಾಗದಕ್ಕೆ ಸಹಿ ಹಾಕಿ ತಂದಳು. ಅವನ ಮುಖ ಸಣ್ಣದಾಯಿತು. ಹೋಗು ಅಂತೀರಾ ಎಂದು ಕೇಳಿದ. ಕೆಲಸ ಒಪ್ಪಿಕೊಂಡ ಮೇಲೆ ಹೋಗಲೇಬೇಕು, ಚಿಂತಾಮಣಿ ಏನು ಸಮುದ್ರದಾಚೆ ಇದೆಯೇ, ಬಸ್ಸುಗಳಿವೆಯಲ್ಲ ಎಂದಳು ಅವಳು.

“ಈ ಭಾನುವಾರ ಮಾತ್ರ ಇಲ್ಲೇ ಇರ್ಬೇಕು. ನಮ್ಮತ್ತೆ ಊಟಕ್ಕೆ ಕರೆದಿದ್ದಾರೆ. ಮುದ್ದೆ, ಇತುಕಿದ ಬೇಳೆ ಸಾರು.”

ಅವನು ಬೆರಗಾಗಿ ನೋಡಿದ. “ಏನಂದ್ರಿ?”

“ಇತುಕಿದ ಬೇಳೆ.”

ಈ ಸಲ ನಕ್ಕವನು ಅವನು. ಆ ನಗು ಕೇಳಿ ಕಪಾಟುಗಳ ಹಿಂದಿನಿಂದ ನೂರಕ್ಕ, ಸಿಕ್ಕಿತಾ ಮೇಡಂ ಎಂದು ಕೂಗಿದಳು. ಸಿಕ್ಕಿತು ನೂರಕ್ಕ ಎಂದಳು ಹೇಮಾವತಿ.

ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಬಾಗಿಲವರೆಗೆ ಹೋದ. ಅಲ್ಲಿ ನಿಂತು ತಿರುಗಿದ.

“ನಿಮ್ಮನ್ನ ಎಂಗ್ ಕರೀಲಿ? ಹೇಮಾವತಿ ಅಂತ್ಲಾ... ಏಮಾವತಿ ಅಂತ್ಲಾ?”

“ನಿಮಗೆ ಹೇಗೆ ಬರುತ್ತೋ ಹಾಗೆ,” ಎಂದಳು ಅವಳು. “ಯಾವ ಹೆಸರಲ್ಲಿ ಹುಡುಕಿದ್ರೂ ಇನ್ಮೇಲೆ ನಾನು ಸಿಗ್ತೀನಿ.”